ಚಂಪಾರಕ್ಕೆ ಅಧಿಕೃತ ಆಹ್ವಾನ

ಪಕ್ಕದ ಸೀಟು ಖಾಲಿಯಿದ್ದರೂ ಸಿಂಧು ನಿಂತೇ ಬರುತ್ತಿದ್ದಾಳೆ ಎಂಬುದು ಬಸ್ಸು ಹೊಳೆನರಸೀಪುರ ದಾಟುವ ಮೊದಲೇ ಮೋಹನ್‌ಕುಮಾರನ ಗಮನಕ್ಕೆ ಬಂದಿತ್ತು. ಬಂದಿಲ್ಲವೆಂದು ತೋರಿಸಿಕೊಳ್ಳಲು ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಕಾಲೇಜಿನ ಉಳಿದ ಮೂವರು ಹುಡುಗಿಯರು ಹಿಂದಿನ ಸೀಟಿನಲ್ಲಿ ಕೂತು ನಗುತ್ತಿದ್ದರು. ಇವಳೊಬ್ಬಳು ಅವನಿಂದ ಎರಡಡಿ ದೂರದಲ್ಲಿ ಕಂಬಿ ಹಿಡಿದುಕೊಂಡು, ಎದೆಗೆ ಫೈಲು ಅವುಚಿಕೊಂಡು ನಿಂತಿದ್ದಳು. ಕೂತ್ಕೋ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಬೇರೆ ಯಾವ ವಿದ್ಯಾರ್ಥಿನಿಯಾಗಿದ್ದರೂ ಹೇಳುತ್ತಿದ್ದ. ಆದರೆ ಇವಳು ಸ್ವಂತ ಅಕ್ಕನ ಮಗಳು. ಹಳ್ಳಿಮೈಸೂರಿನ ಆ ಅಕ್ಕ ಜಯಲಕ್ಷ್ಮಮ್ಮನ ಮನೆಯೊಂದಿಗೆ ಮಾತು ಬಿಟ್ಟು ಏಳು ವರ್ಷವಾಗಿತ್ತು. ಏಳು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಬಸ್ ಸೀಟಿಗಾಗಿ ಬಿಟ್ಟುಕೊಡುವುದು ಹೇಗೆ ಎಂದು ಅವನ ಮನಸ್ಸು ಲೆಕ್ಕಕ್ಕೆ ಬಾರದ ಲೆಕ್ಕ ಹಾಕುತ್ತಿತ್ತು. ಕಂಡಕ್ಟರ್ ಬಂದು, "ಮೇಷ್ಟ್ರೇ, ಈ ಸೀಟು ಯಾರ್ದಾರ ಐತಾ?" ಎಂದ. ಮೋಹನ್‌ಕುಮಾರ ಉತ್ತರ ಕೊಡದೆ ಕಾಲಡಿಯಿದ್ದ ಪುಸ್ತಕದ ಕಟ್ಟನ್ನು ಎತ್ತಿ ಆ ಸೀಟಿನ ಮೇಲಿಟ್ಟ. ಇಟ್ಟ ಮೇಲೆ ತನ್ನ ಕೈಯನ್ನೇ ನೋಡಿಕೊಂಡು ನಾಚಿಕೆಪಟ್ಟ. ಆದರೆ ಕಟ್ಟನ್ನು ತೆಗೆಯಲಿಲ್ಲ.

"ಸಾರ್, ಒಂದು ವಿಷಯ ಹೇಳ್ಬೇಕಿತ್ತು," ಎಂದಳು ಸಿಂಧು. ಬಸ್ಸಿನ ಸದ್ದಿನಲ್ಲಿ ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

"ಸಭೆ ಮುಗೀಲಿ. ಈಗ ನಿನ್ನ ಭಾಷಣ ನೋಡ್ಕೊ."

"ಸಭೆ ವಿಷಯ ಅಲ್ಲ ಸಾರ್."

"ಹಾಗಿದ್ರೆ ಅವಸರ ಇಲ್ವಲ್ಲ."

ಸಾರ್ ಎಂಬ ಮಾತು ದಿನವಿಡೀ ಅವನ ಕಿವಿಗೆ ಬೀಳುತ್ತಿದ್ದರೂ ಎರಡು ವರ್ಷದಿಂದ ಇವಳ ಬಾಯಿಂದ ಬಂದಾಗ ಮಾತ್ರ ಎಲ್ಲೋ ಚುಚ್ಚುತ್ತಿತ್ತು. ಚಿಕ್ಕವಳಿದ್ದಾಗ ಮಾವ ಮಾವ ಎಂದು ಅವನ ಸ್ಕೂಟರಿನ ಮುಂದೆ ನಿಂತುಕೊಂಡು ಹಾರ್ನ್ ಒತ್ತುತ್ತಿದ್ದವಳು, ಬಿ.ಎ.ಗೆ ಸೇರಿದ ಮೊದಲ ದಿನ ಎರಡನೇ ಬೆಂಚಿನಲ್ಲಿ ಕೂತು ಅವನನ್ನೇ ನೋಡಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಬಂದಾಗ ಅವನ ನಾಲಿಗೆ ನಿಂತುಬಿಟ್ಟಿತ್ತು. ಮರುದಿನದಿಂದ ಅವನು ಇಡೀ ತರಗತಿಯ ಹಾಜರಿಯನ್ನು ನಂಬರಿನಲ್ಲೇ ಕೂಗತೊಡಗಿದ. ಸಮಯ ಉಳಿಯುತ್ತದೆ ಎಂದು ಎಲ್ಲರಿಗೂ ಹೇಳಿದ. ಒಬ್ಬಳ ಹೆಸರು ಕರೆಯಬಾರದೆಂದು ಅರವತ್ತೆರಡು ಮಕ್ಕಳ ಹೆಸರು ಬಿಟ್ಟಿದ್ದ. ನಲವತ್ತೊಂದು. ಪ್ರೆಸೆಂಟ್ ಸಾರ್.

ಸೀಟಿನ ಮೇಲಿದ್ದ ಕಟ್ಟಿನಲ್ಲಿ ಅವನು ಬರೆದ ನಲವತ್ತು ಪುಟದ ಕೈಪಿಡಿಯ ಪ್ರತಿಗಳಿದ್ದವು: 'ಚಂಪಾರ ಗಣರಾಜ್ಯದ ವಿದೇಶಾಂಗ ನೀತಿ'. ಚಂಪಾರ ಯಾವ ಭೂಪಟದಲ್ಲೂ ಇಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ನಿಜವಾದ ದೇಶಗಳ ಹೆಸರೆತ್ತಿದರೆ ಸಾಕು, ಹುಡುಗರು ಟೀವಿಯಲ್ಲಿ ಕೇಳಿದ್ದನ್ನು ಟೀವಿಯ ಗಂಟಲಿನಲ್ಲೇ ಕಿರುಚತೊಡಗುತ್ತಿದ್ದರು. ಅದಕ್ಕೇ ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಪರೀಕ್ಷೆಯ ಕೊಠಡಿಯಲ್ಲಿ ಕಾವಲು ಕೂತಿದ್ದಾಗ, ಅವನು ಮಿಕ್ಕಿದ್ದ ಉತ್ತರ ಹಾಳೆಯ ಮೇಲೆ ಒಂದು ದೇಶವನ್ನು ಬರೆದ. ಸಮುದ್ರವಿಲ್ಲದ, ರಾಗಿ ಬೆಳೆಯುವ, ಸ್ವಾಭಿಮಾನಿ ದೇಶ. ಮೇಲ್ಗಡೆ ನಂದೂರವೆಂಬ ನೆರೆಯ ದೇಶ, ಅಲ್ಲಿಂದ ಇಲ್ಲಿಗೆ ಹರಿದುಬರುವ ವೇಣಿ ಎಂಬ ನದಿ. ಸುತ್ತ ಇನ್ನಾರು ದೇಶ. ಬರೆಯುತ್ತ ಹೋದಂತೆ ಕೈಗೆ ಎಂಥದೋ ಚುರುಕು ಬಂತು. ಚಂಪಾರ ಮತ್ತು ನಂದೂರದ ನಡುವೆ ರಾಜತಾಂತ್ರಿಕ ಸಂಬಂಧ ಕಡಿದುಹೋಗಿದೆ ಎಂದು ಬರೆದ. ಕಾರಣವನ್ನೂ ಬರೆದ: ನಂದೂರದ ರಾಜಕುಮಾರಿಯ ವಿವಾಹದ ಆಹ್ವಾನಪತ್ರವನ್ನು ಅಲ್ಲಿನ ರಾಯಭಾರಿಯು ಚಂಪಾರದ ರಾಷ್ಟ್ರಾಧ್ಯಕ್ಷರ ನಿವಾಸಕ್ಕೆ ಒಯ್ಯದೆ, ಕಚೇರಿಯ ಟೇಬಲ್ಲಿನ ಮೇಲಿಟ್ಟು ಹೊರಟುಹೋದನು. ಚಂಪಾರವು ವಿವಾಹವನ್ನು ಬಹಿಷ್ಕರಿಸಿ ತನ್ನ ರಾಯಭಾರಿಯನ್ನು ಹಿಂದಕ್ಕೆ ಕರೆಸಿಕೊಂಡಿತು. ಉಳಿದ ಆರು ದೇಶಗಳಲ್ಲಿ ಐದು ಚಂಪಾರದ ನಿಲುವನ್ನು ಎತ್ತಿಹಿಡಿದವು.

ಈ ಕಡೆಯ ವಾಕ್ಯ ಬರೆದಾಗ ಅವನಿಗೆ ಆದ ಸುಖ ಅಷ್ಟಿಷ್ಟಲ್ಲ. ಯಾಕೆಂದರೆ ನಿಜದಲ್ಲಿ ಒಬ್ಬ ನೆಂಟನೂ ಅವನ ನಿಲುವನ್ನು ಎತ್ತಿಹಿಡಿದಿರಲಿಲ್ಲ. ಭಾವ ರಾಮಣ್ಣ ದೊಡ್ಡ ಮಗಳು ಸ್ಪಂದನಾಳ ಮದುವೆಗೆ ಕರೆಯಲು ಬಂದದ್ದು ಮನೆಗಲ್ಲ, ಸ್ಟಾಫ್ ರೂಮಿಗೆ. ಮೊದಲ ಪತ್ರಿಕೆ ಮನೆದೇವರಿಗೆ, ಎರಡನೆಯದು ಹೆಣ್ಣಿನ ತಾಯಿಯ ತೌರಿಗೆ, ಅದೂ ಗಂಡಹೆಂಡಿರಿಬ್ಬರೂ ಬಂದು, ಹಣ್ಣು ಕಾಯಿ ಎಲೆ ಅಡಿಕೆ ಇಟ್ಟು, ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು ಕರೆಯಬೇಕು. ಸೋದರಮಾವ ಬಂದು ಕೈಹಿಡಿದು ಕರೆತರದೆ ಹೆಣ್ಣು ಮಂಟಪಕ್ಕೆ ಬರುವಂತಿಲ್ಲ. ಇದು ಯಾವ ಕೈಪಿಡಿಯಲ್ಲೂ ಬರೆದಿಲ್ಲದ, ಎಲ್ಲರಿಗೂ ಗೊತ್ತಿರುವ ಕ್ರಮ. ರಾಮಣ್ಣ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡೇ ಒಳಗೆ ಬಂದು, ತಿದ್ದುತ್ತಿದ್ದ ಪೇಪರಿನ ಮೇಲೆ ಪತ್ರಿಕೆ ಇಟ್ಟು, "ತಾಲ್ಲೂಕಾಫೀಸಲ್ಲಿ ಒಸಿ ಕೆಲ್ಸ ಐತೆ ಕಣಪ್ಪ. ನೀನು ಮನೆಯವ್ನೇ ಅಲ್ವಾ, ನಿಂಗೇನು ಕರಿಯೋದು. ಬಂದ್ಬುಡು," ಎಂದು ಹೋಗಿಬಿಟ್ಟಿದ್ದ. ಅದು ಸಲಿಗೆಯಿರಬಹುದು. ಸಲಿಗೆಯೇ ಇರಬೇಕು. ಆದರೆ ಎದುರು ಟೇಬಲ್ಲಿನ ಅರ್ಥಶಾಸ್ತ್ರದ ಮೇಷ್ಟ್ರು ಪತ್ರಿಕೆಯನ್ನು ಎತ್ತಿ ನೋಡಿ, "ಏನ್ ಸಾರ್, ಸ್ವಂತ ಅಕ್ಕನ ಮಗಳ ಮದ್ವೆ, ಪೋಸ್ಟ್‌ಮ್ಯಾನ್ ಕೊಟ್ಟಂಗೆ ಕೊಟ್ಟೋದ್ರು," ಎಂದು ನಕ್ಕಿದ್ದರು. ಆ ನಗು ಇಲ್ಲದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಮೋಹನ್‌ಕುಮಾರನಿಗೆ ಎಷ್ಟೋ ಸಲ ಅನಿಸಿದೆ. ಹೆಂಡತಿ ಕಾಮಾಕ್ಷಿ ತಡೆದಳು ಎಂದು ನೆಂಟರೆಲ್ಲ ಮಾತಾಡಿಕೊಂಡರು. ನಿಜವಾಗಿ ಅವಳು, ಹೋಗಿ ಬಂದ್ಬಿಡೋಣ ರೀ, ಮಗು ಮದುವೆ, ಎಂದಿದ್ದಳು. ತಡೆದವನು ಅವನೇ. ಆದರೆ ಹೆಂಡತಿಯ ಮೇಲೆ ಬಿದ್ದ ಅಪವಾದವನ್ನು ಅವನು ಇವತ್ತಿನವರೆಗೂ ತಿದ್ದಲು ಹೋಗಿರಲಿಲ್ಲ.

ಮದುವೆಯ ದಿನ ಬೆಳಗಾಗೆದ್ದು ಸ್ನಾನ ಮಾಡಿ, ರೇಷ್ಮೆ ಪಂಚೆಯುಟ್ಟು, ಜುಬ್ಬ ತೊಟ್ಟು ಅವನು ನಡುಮನೆಯಲ್ಲಿ ಕೂತಿದ್ದ. ಈಗ ಕಾರು ಬರುತ್ತದೆ, ಈಗ ಫೋನ್ ಬರುತ್ತದೆ, ಅಕ್ಕ ಅಳುತ್ತಾಳೆ, ತಾನು ಸ್ವಲ್ಪ ಹೊತ್ತು ಬಿಗಿಯಾಗಿದ್ದು ಆಮೇಲೆ ಏಳುತ್ತೇನೆ. ತಾಯಿ ಮುದ್ದಮ್ಮ ಆಟೋ ತರಿಸಿಕೊಂಡು, ಬಾಗಿಲಲ್ಲಿ ನಿಂತು, "ನೀ ಬರ್ದಿದ್ರೆ ನಾನು ಈ ಮನೆ ವಸ್ಲು ತಿರ್ಗ ತುಳಿಯಕಿಲ್ಲ ಕಣ್ಲಾ ಮೋನ," ಎಂದು ಹೇಳಿ ಹೊರಟಳು. ಒಂದು ವಾರಕ್ಕೆ ಬರುತ್ತಾಳೆ ಎಂದುಕೊಂಡ. ಮುಹೂರ್ತದ ಹೊತ್ತು ಕಳೆದು ಹನ್ನೆರಡಾದರೂ ಪಂಚೆ ಬಿಚ್ಚಲಿಲ್ಲ. ಅಲ್ಲಿ ಛತ್ರದಲ್ಲಿ ಹೆಣ್ಣನ್ನು ಕರೆತರಲು ಮಾವ ಇಲ್ಲದೆ ಪುರೋಹಿತರು ಎರಡು ಸಲ ಕೂಗಿದರಂತೆ. ಕಡೆಗೆ ಯಾರೋ ದೂರದ ನೆಂಟನೊಬ್ಬ ಎದ್ದು ನಿಂತನಂತೆ. ಮುದ್ದಮ್ಮ ಛತ್ರದ ಬಾಗಿಲಿನಿಂದ ಕಣ್ಣು ಕೀಳಲಿಲ್ಲವಂತೆ. ಇದೆಲ್ಲ ಅವನಿಗೆ ಆಮೇಲೆ ಅವರಿವರಿಂದ ಗೊತ್ತಾದದ್ದು. ಮಗನಿದ್ದೂ ಮಗಳ ಮನೆಯ ಅನ್ನ ಉಣ್ಣುವ ತಾಯಿ ಎಂಬ ಮಾತು ಊರಲ್ಲಿ ಹುಟ್ಟಿಕೊಂಡಿತು. ಆ ಮಾತಿಗೂ ಏಳು ವರ್ಷ.

ಹೋದ ತಿಂಗಳು ತರಗತಿಯಲ್ಲಿ ಚಂಪಾರದ ಪಾಠ ಮಾಡುವಾಗ ಯಾರೋ ಹಿಂದಿನ ಬೆಂಚಿನಿಂದ, "ಇಷ್ಟು ಚಿಕ್ಕ ಕಾರಣಕ್ಕೆ ಸಂಬಂಧ ಕಡ್ಕೊಂಡ್ರಾ ಸಾರ್?" ಎಂದಿದ್ದ. ಅವನು ಉತ್ಸಾಹದಿಂದ, ರಾಜತಂತ್ರದಲ್ಲಿ ಚಿಕ್ಕದೆಂಬುದೇ ಇಲ್ಲ, ಯಾರು ಮೊದಲು ಬಾಗಿಲು ದಾಟಬೇಕು, ಯಾರ ಕುರ್ಚಿ ಎಷ್ಟು ಎತ್ತರವಿರಬೇಕು ಎಂಬುದಕ್ಕೂ ಬೆಲೆಯಿದೆ, ಗೌರವವೇ ಒಂದು ದೇಶದ ಗಡಿ ಎಂದೆಲ್ಲ ಹೇಳಿದ. ಆಗ ಸಿಂಧು ಎದ್ದು ನಿಂತಿದ್ದಳು. "ಸಾರ್, ಆ ರಾಜಕುಮಾರಿ ಮದುವೆ ದಿನ ಏನಾಯ್ತು?"

"ಅದು ಪಾಠಕ್ಕೆ ಬರಲ್ಲ."

"ಕೈಪಿಡೀಲಿ ಅವಳ ಹೆಸರೂ ಇಲ್ಲ ಸಾರ್," ಎಂದು ಹೇಳಿ ಅವಳು ಕೂತಳು. ಅವತ್ತೇ ಅವಳು, ಕೈಪಿಡಿಯ ದೇಶಗಳ ಪರವಾಗಿ ಬೇರೆಬೇರೆ ಕಾಲೇಜಿನ ವಿದ್ಯಾರ್ಥಿಗಳು ಸಭೆ ನಡೆಸುವ ಹಾಸನದ ಸ್ಪರ್ಧೆಗೆ ನಂದೂರದ ಪ್ರತಿನಿಧಿಯಾಗುತ್ತೇನೆಂದು ಹೆಸರು ಕೊಟ್ಟದ್ದು.

ಹಾಸನದ ಕಾಲೇಜೊಂದರ ಸಭಾಂಗಣದಲ್ಲಿ ಎಂಟು ಮೇಜು ಅರ್ಧಚಂದ್ರಾಕಾರದಲ್ಲಿ ಹಾಕಿದ್ದರು. ಮೇಜಿಗೊಂದು ಬೋರ್ಡು, ಒಂದು ನೀರಿನ ಬಾಟಲಿ, ಒಂದು ಪ್ಲಾಸ್ಟಿಕ್ ಹೂವು. ಮೋಹನ್‌ಕುಮಾರ ಮನಸ್ಸಿನಲ್ಲಿ ಕಟ್ಟಿದ ಜಗತ್ತು ಕಣ್ಣೆದುರು ಬಟ್ಟೆ ಹೊದ್ದ ಮೇಜುಗಳಾಗಿ ಕೂತಿತ್ತು. ಚಂಪಾರದ ಬೋರ್ಡಿನ ಹಿಂದೆ ಅರಕಲಗೂಡಿನ ಕಾಲೇಜಿನಿಂದ ಬಂದ ರಜನೀಶ್ ಎಂಬ ಎತ್ತರದ ಹುಡುಗ, ಯಾರದೋ ಕೋಟು ಹಾಕಿಕೊಂಡು, ಉದ್ದ ತೋಳನ್ನು ಮತ್ತೆ ಮತ್ತೆ ಮೇಲೆಳೆದುಕೊಳ್ಳುತ್ತಿದ್ದ. ಮೋಹನ್‌ಕುಮಾರನ ಪ್ರಿನ್ಸಿಪಾಲ್ ಚನ್ನಬಸವಯ್ಯನವರು ಮೈಕಿನಲ್ಲಿ, "ಕಾಲೇಜು ಕಟ್ಟಿದವರನ್ನ ನೋಡಿದೀವಿ, ಮನೆ ಕಟ್ಟಿದವರನ್ನ ನೋಡಿದೀವಿ. ನಮ್ಮ ಮೋಹನ್‌ಕುಮಾರ್ ಅವರು ಒಂದು ದೇಶವನ್ನೇ ಕಟ್ಟಿದ್ದಾರೆ," ಎಂದಾಗ ಸಭೆ ಚಪ್ಪಾಳೆ ತಟ್ಟಿತು. ಅವನಿಗೆ ಇಷ್ಟವಾಯಿತು. ಐವತ್ತೆರಡು ವರ್ಷದಲ್ಲಿ ಯಾರೂ ಅವನ ಬಗ್ಗೆ ಮೈಕಿನಲ್ಲಿ ಇಷ್ಟು ದೊಡ್ಡ ಮಾತಾಡಿರಲಿಲ್ಲ. ಸಭಾಧ್ಯಕ್ಷನ ಕುರ್ಚಿಯಲ್ಲಿ ಕೂತು, ಮುಂದಿದ್ದ ಹಿತ್ತಾಳೆ ಗಂಟೆಯನ್ನು ಒಮ್ಮೆ ಸುಮ್ಮನೆ ಮುಟ್ಟಿ ನೋಡಿದ.

ಕಾರ್ಯಸೂಚಿಯಲ್ಲಿದ್ದದ್ದು ವೇಣಿ ನದಿಯ ನೀರಿನ ಹಂಚಿಕೆ. ಮೂರು ದೇಶಗಳು ಮಾತಾಡಿದ ಮೇಲೆ ನಂದೂರದ ಸರದಿ ಬಂತು. ಸಿಂಧು ಎದ್ದು, ಬರೆದುಕೊಂಡು ಬಂದಿದ್ದ ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟಳು.

"ಮಾನ್ಯ ಸಭಾಧ್ಯಕ್ಷರೇ, ನೀರಿನ ಮಾತನ್ನ ಮಧ್ಯಾಹ್ನವೂ ಆಡಬಹುದು. ನಂದೂರದ ಅರಮನೆಯಲ್ಲಿ ಒಬ್ಬ ವೃದ್ಧೆ ಇದ್ದಾರೆ. ಅವರ ಮನೆ ಇದ್ದದ್ದು ಚಂಪಾರದಲ್ಲಿ. ಅವರಿಗೆ ಎಂಬತ್ತೆರಡು ವರ್ಷ. ಮೂರು ದಿನದಿಂದ ಅವರು ಗಂಜಿ ಬಿಟ್ಟಿದ್ದಾರೆ, ನೀರನ್ನ ಹತ್ತಿಯಲ್ಲಿ ಹಿಂಡ್ತಾ ಇದ್ದೀವಿ. ಅವರು ಚಂಪಾರದ ರಾಷ್ಟ್ರಾಧ್ಯಕ್ಷರನ್ನ..."

ಅರ್ಥವಾಗಲು ಅವನಿಗೆ ಅರೆಕ್ಷಣವೂ ಬೇಕಾಗಲಿಲ್ಲ. ಬಸ್ಸಿನಲ್ಲಿ ಅವಳು ಹೇಳಲು ಬಂದದ್ದು ಇದೇ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ, ಅದಕ್ಕಿಂತ ವೇಗವಾಗಿ, ಅದಕ್ಕಿಂತ ಹಳೆಯ ದಾರಿಯಲ್ಲಿ ಓಡಿಬಂತು: ಇವರೆಲ್ಲರ ಮುಂದೆ, ಚನ್ನಬಸವಯ್ಯನವರ ಮುಂದೆ, ನನ್ನ ಮನೆಯ ವಿಷಯವನ್ನು ನನ್ನದೇ ಮೇಜಿನ ಮೇಲೆ ತಂದಿಟ್ಟಿದ್ದಾಳೆ. ಅಪ್ಪ ಸ್ಟಾಫ್ ರೂಮಿಗೆ ತಂದಿಟ್ಟ, ಮಗಳು ಸಭೆಗೆ ತಂದಿಟ್ಟಳು. ಮನೆಗೆ ಬರಲು ಈ ವಂಶಕ್ಕೆ ಕಾಲೇ ಇಲ್ಲವೇ? ಅವನ ಕೈ ಗಂಟೆ ಬಾರಿಸಿತು.

"ನಿಯಮ ಒಂಬತ್ತು. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಎತ್ತುವಂತಿಲ್ಲ."

"ನಿಯಮ ಹನ್ನೆರಡು ಸಾರ್," ಎಂದಳು ಸಿಂಧು. "ಮಾನವೀಯ ಕಾರಣ ಇದ್ದರೆ ಯಾವ ವಿಷಯವನ್ನಾದ್ರೂ ಎಲ್ಲಕ್ಕಿಂತ ಮೊದಲು ಎತ್ತಬಹುದು. ನೀವೇ ಬರೆದಿದ್ದು."

"ಬರೆದವನು ನಾನೇ ಆದ್ದರಿಂದ ಅದರ ಅರ್ಥ ಏನು ಅನ್ನೋದೂ ನನಗೇ ಗೊತ್ತು. ಕೂತ್ಕೊಳ್ಳಿ."

ಸಭೆಯಲ್ಲಿ ನಗುವೆದ್ದಿತು. ಒಳ್ಳೆಯ ಮಾತು ಹೇಳಿದವನಿಗೆ ಸಿಗುವ ನಗು. ಸಿಂಧು ಕೂತಳು. ಬಸ್ಸಿನಲ್ಲಿ ಹೇಳದ ಕೂತ್ಕೋ ಎಂಬ ಮಾತನ್ನು ಇಲ್ಲಿ, ಬಹುವಚನದಲ್ಲಿ, ಹೇಳಿಬಿಟ್ಟಿದ್ದ.

ಐದು ನಿಮಿಷವಾಗಿರಬೇಕು, ಚೀಟಿಗಳನ್ನು ಒಯ್ಯುತ್ತಿದ್ದ ಸ್ವಯಂಸೇವಕಿ ನಾಲ್ಕು ಮಡಿಕೆಯ ಕಾಗದವೊಂದನ್ನು ತಂದು ಅವನ ಮುಂದಿಟ್ಟಳು. ಪ್ರತಿನಿಧಿಗಳು ಅಧ್ಯಕ್ಷರಿಗೆ ಬರಹದಲ್ಲಿ ಮನವಿ ಕಳಿಸಬಹುದು ಎಂಬುದೂ ಅವನೇ ಬರೆದ ನಿಯಮ. ಚೀಟಿಯಲ್ಲಿ ನಂದೂರವೂ ಇರಲಿಲ್ಲ, ಚಂಪಾರವೂ ಇರಲಿಲ್ಲ. 'ಮಾವ, ಅಜ್ಜಿಗೆ ತುಂಬಾ ಸೀರಿಯಸ್. ಡಾಕ್ಟರ್ ಮನೆಗೆ ಕರ್ಕೊಂಡು ಹೋಗಿ ಅಂದುಬಿಟ್ಟಿದ್ದಾರೆ. ನಿಮ್ಮ ಹೆಸರನ್ನೇ ಹೇಳ್ತಿದೆ. ಅಪ್ಪ ಅಮ್ಮ ಏನೂ ಅನ್ನಲ್ಲ. ಇವತ್ತೇ ಬನ್ನಿ.'

ಮಾವ. ಆ ಎರಡಕ್ಷರವನ್ನು ಅವನು ಬಹಳ ಹೊತ್ತು ನೋಡಿದ. ಆಮೇಲೆ 'ಅಪ್ಪ ಅಮ್ಮ ಏನೂ ಅನ್ನಲ್ಲ' ಎಂಬಲ್ಲಿ ಕಣ್ಣು ಸಿಕ್ಕಿಕೊಂಡಿತು. ಏನೂ ಅನ್ನಲ್ಲ ಎಂದರೇನು? ಅನ್ನುವಂಥದ್ದನ್ನು ಮಾಡಿದವನು ನಾನು, ಅವರು ದೊಡ್ಡ ಮನಸ್ಸು ಮಾಡಿ ಸುಮ್ಮನಿರುತ್ತಾರೆ ಎಂದೇ? ಅಕ್ಕನಿಗೆ ಒಂದು ಫೋನು ಮಾಡಲು ಕೈ ಬರಲಿಲ್ಲವೇ? ಎಡಗಡೆ ಕೂತಿದ್ದ ಚನ್ನಬಸವಯ್ಯನವರು ಬಗ್ಗಿ, "ಏನು ಸಾರ್, ಪಾಯಿಂಟ್ ಆಫ್ ಆರ್ಡರಾ?" ಎಂದು ಕೇಳಿದರು. "ಹೂಂ, ಅಂಥದ್ದೇ," ಎಂದು ಅವನು ಅಂಗೈಯಿಂದ ಚೀಟಿ ಮರೆಮಾಡಿ, ಪೆನ್ನು ತೆಗೆದು ಅದರ ಕೆಳಗೆ ಬರೆದ: 'ಅಧಿಕೃತ ಆಹ್ವಾನ ಬಂದಲ್ಲಿ ಪರಿಶೀಲಿಸಲಾಗುವುದು.' ಅಭ್ಯಾಸಬಲದಿಂದ ಸಹಿ ಹಾಕಿ ತಾರೀಖನ್ನೂ ನಮೂದಿಸಿ, ಮಡಿಸಿ ವಾಪಸ್ಸು ಕಳಿಸಿದ. ಕಳಿಸಿದ ಕ್ಷಣದಲ್ಲಿ ಒಂದು ಸಮಾಧಾನವಾಯಿತು, ಏಳು ವರ್ಷದಿಂದ ಬಾಯಲ್ಲಿದ್ದುದನ್ನು ಉಗುಳಿದಂಥ ಸಮಾಧಾನ. ಚೀಟಿ ಸಿಂಧುವಿನ ಕೈ ಸೇರಿ, ಅವಳು ಓದಿ, ತಲೆಯೆತ್ತಿ ಅವನನ್ನು ನೋಡುವ ಹೊತ್ತಿಗೆ ಆ ಸಮಾಧಾನ ಎಲ್ಲೂ ಇರಲಿಲ್ಲ. ಅವಳು ಅಳಲಿಲ್ಲ. ಎದ್ದು, ಫೋನು ತೆಗೆದುಕೊಂಡು ಹೊರಗೆ ಹೋದಳು. ಕಿಟಕಿಯಾಚೆ ವರಾಂಡದಲ್ಲಿ ನಿಂತು, ಚೀಟಿಯನ್ನು ಮುಖದ ಹತ್ತಿರ ಹಿಡಿದು, ಯಾರಿಗೋ ಅದನ್ನು ಒಂದೊಂದೇ ಪದವಾಗಿ ಓದಿ ಹೇಳುತ್ತಿದ್ದಳು. ಚಾಡಿ ಹೇಳುತ್ತಿದ್ದಾಳೆ ಎಂದುಕೊಂಡ. ಹೇಳಲಿ.

ಅಷ್ಟರಲ್ಲಿ ಚಂಪಾರ ಎದ್ದು ನಿಂತಿತ್ತು. ರಜನೀಶ್ ಕೋಟಿನ ತೋಳು ಮೇಲೆಳೆದುಕೊಂಡು, ಕಾಗದ ನೋಡದೆ ಮಾತಾಡಿದ. "ಅಧ್ಯಕ್ಷರೇ, ನಂದೂರದೋರು ಏನೋ ಹೇಳಕ್ಕೆ ಬಂದ್ರು, ನೀವು ಬೆಲ್ ಹೊಡೆದ್ರಿ. ಅದು ನಮ್ಮ ದೇಶದ ವಿಷಯ, ಅದಕ್ಕೆ ನಾನೇ ಹೇಳ್ತೀನಿ. ನಮ್ಮ ಕಡೆ ಒಬ್ಬ ತಾಯಿ ಅಲ್ಲಿ ಮಲಗವ್ರೆ ಅಂದ್ರೆ, ನೋಡಕ್ಕೆ ಹೋಗಕ್ಕೆ ಯಾರು ಕರೀಬೇಕು ಸಾರ್? ಮದುವೆಗೆ ಕರೀಲಿಲ್ಲ ಅಂತ ಕೋಪ ಮಾಡ್ಕೊಂಡಿದ್ದು ಸರಿಯೋ ತಪ್ಪೋ, ನಾನು ಹೇಳಲ್ಲ. ಚಂಪಾರದ ರಾಷ್ಟ್ರಾಧ್ಯಕ್ಷ ಇವತ್ತೇ ಹೊರಡ್ತಾನೆ. ಹೋಗಿ ಬಂದ್ಮೇಲೆ ನೀರಿನ ಮಾತು ತಾನಾಗೇ ಸರಿಹೋಯ್ತದೆ." ಕೈಪಿಡಿಯಲ್ಲಿ ಇಂಥ ಸಾಧ್ಯತೆಗೆ ಒಂದು ಸಾಲೂ ಇರಲಿಲ್ಲ. ಮೋಹನ್‌ಕುಮಾರನ ಕೈ ಗಂಟೆಯ ಮೇಲಿತ್ತು, ಏಳಲಿಲ್ಲ. ಯಾರೋ ನಿರ್ಣಯ ಮಂಡಿಸಿದರು. ಚನ್ನರಾಯಪಟ್ಟಣದ ಹುಡುಗಿಯೊಬ್ಬಳು ಅನುಮೋದಿಸಿದಳು. ಕೈಯೆತ್ತಿ ಎಂದು ಅವನೇ ಹೇಳಬೇಕಾಯಿತು. ಐದು ವರ್ಷ ಅವನ ಪಕ್ಷ ವಹಿಸಿದ್ದ ಐದೂ ದೇಶಗಳು ಕೈಯೆತ್ತಿದವು. ನಂದೂರದ ಕುರ್ಚಿಯೊಂದು ಖಾಲಿಯಿತ್ತು. ಏಳು ಮತಗಳಿಂದ ನಿರ್ಣಯ ಅಂಗೀಕಾರವಾಗಿದೆ ಎಂದು ಅವನು ಮೈಕಿನಲ್ಲಿ ಹೇಳಿದಾಗ ತನ್ನ ದೇಶ ತನ್ನನ್ನು ಇಲ್ಲೇ ಬಿಟ್ಟು ಹೊರಟುಹೋಯಿತು ಎನಿಸಿತು. "ಎಷ್ಟು ಚೆನ್ನಾಗಿ ಯೋಜನೆ ಮಾಡಿದೀರಿ ಸಾರ್, ನನಗೆ ಕಣ್ಣಲ್ಲಿ ನೀರೇ ಬಂತು," ಎಂದರು ಚನ್ನಬಸವಯ್ಯನವರು. ಅವನು ಥ್ಯಾಂಕ್ಸ್ ಎಂದ. ಅದೂ ಒಂದು ಸುಳ್ಳು.

ಊಟದ ಸಾಲಿನಲ್ಲಿ ಸಿಂಧು ಇರಲಿಲ್ಲ. "ಆಗಲೇ ಊರಿಗೆ ಹೋದ್ಲು ಸಾರ್," ಎಂದರು ಜೊತೆಯ ಹುಡುಗಿಯರು. ನಾಲ್ಕು ಗಂಟೆಗೆ ಸಮಾರೋಪ, ಅವನಿಗೆ ಶಾಲು ಹೊದಿಸುವುದಿತ್ತು. ಕೈ ತೊಳೆಯಲು ಹೋದವನು ಹಾಗೆಯೇ ಗೇಟು ದಾಟಿ, ಬಸ್‌ಸ್ಟ್ಯಾಂಡಿಗೆ ಬಂದು, ಹಳ್ಳಿಮೈಸೂರಿನ ಮೇಲೆ ಮೈಸೂರಿಗೆ ಹೋಗುವ ಬಸ್ಸು ಹತ್ತಿದ. ಹತ್ತಿ ಕೂತ ಮೇಲೆ ಪಕ್ಕದ ಸೀಟಿನ ಕಡೆ ನೋಡಲಿಲ್ಲ. ಅಲ್ಲಿ ಹೋಗಿ ಏನು ಹೇಳಬೇಕೆಂದು ಬಾಯಿಪಾಠ ಮಾಡತೊಡಗಿದ. ನ್ಯಾಯವಾಗಿ ನೀವು ಕರೆದಿದ್ದರೆ ನಾನು ಅವತ್ತೂ ಬರುತ್ತಿದ್ದೆ. ಇಲ್ಲ. ಆದದ್ದು ಆಯಿತು, ಎರಡೂ ಕಡೆಯಿಂದ ತಪ್ಪಾಗಿದೆ. ಅದೂ ಇಲ್ಲ. ಇದೆಲ್ಲ ಜಂಟಿ ಹೇಳಿಕೆಯ ಭಾಷೆ, ಹಾಳಾಗಿಹೋಗಲಿ. ಒಂದೊಂದಾಗಿ ಬಿಡುತ್ತ ಹೋದಂತೆ ಕಡೆಗೆ ಉಳಿದದ್ದು ಅವ್ವ ಎಂಬ ಒಂದೇ ಮಾತು. ಅದನ್ನು ಬಾಯಿಬಿಟ್ಟು ಅಂದು ಎಷ್ಟು ಕಾಲವಾಗಿತ್ತೆಂದರೆ ಅನ್ನಲು ಬರುತ್ತದೋ ಇಲ್ಲವೋ ಎಂದು ಹೆದರಿಕೆಯಾಯಿತು.

ಹೊಳೆನರಸೀಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಲ್ಲಿಂದ ಅವನ ಮನೆಗೆ ಐದು ನಿಮಿಷದ ನಡಿಗೆ. ಕಾಮಾಕ್ಷಿ ಯಾರದೋ ನಾಮಕರಣಕ್ಕೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದಳು, ಬೀಗದ ಕೈ ಅವನ ಜೇಬಿನಲ್ಲಿತ್ತು. ಮನೆಗೆ ಹೋಗಿ ಮುಖ ತೊಳೆದು, ಬಟ್ಟೆ ಬದಲಿಸಿ, ಸ್ವಲ್ಪ ಕೂತು, ಮುಂದಿನ ಬಸ್ಸಿಗೆ ಹೋದರಾಯಿತು ಎನಿಸಿತು. ಆದರೆ ಅವನಿಗೆ ತನ್ನ ಬಗ್ಗೆ ಗೊತ್ತಿತ್ತು. ಕೂತರೆ ಮತ್ತೆ ಕಾಯುತ್ತೇನೆ. ಕಾರು ಬರಲಿ, ಫೋನು ಬರಲಿ ಎಂದು ಅದೇ ನಡುಮನೆಯಲ್ಲಿ, ಅದೇ ಕುರ್ಚಿಯಲ್ಲಿ. ಇಲ್ಲ, ಈ ಸಲ ಇಳಿಯುವುದಿಲ್ಲ ಎಂದು ಸೀಟಿನ ಅಂಚನ್ನು ಹಿಡಿದುಕೊಂಡ. ಕಿಟಕಿಯಿಂದಲೇ ಆರು ಮೂಸಂಬಿ, ಒಂದು ಬ್ರೆಡ್ಡು ಕೊಂಡ. ಬಸ್ಸು ಹೊರಟಾಗ ಏಳು ವರ್ಷದಲ್ಲಿ ಮೊದಲ ಸಲ ತಾನು ಒಂದು ಸರಿಯಾದ ಕೆಲಸ ಮಾಡಿದೆ ಎನಿಸಿ ಎದೆ ಹಗುರವಾಯಿತು.

ಹಳ್ಳಿಮೈಸೂರಿನಲ್ಲಿ ಅಕ್ಕನ ಮನೆಯ ಮುಂದೆ ಒಂದಿಷ್ಟು ಚಪ್ಪಲಿಗಳು ಬಿದ್ದಿದ್ದವು. ಚಪ್ಪಲಿ ನೋಡಿದಾಗಲೇ ಅವನ ಕಾಲು ನಿಧಾನವಾಯಿತು. ಪಕ್ಕದ ಮನೆಯ ಗಂಗಾಂಬಿಕೆ ಜಗಲಿಯ ಮೇಲೆ ಕೂತಿದ್ದವರು ಅವನ ಗುರುತು ಹಿಡಿದು ಎದ್ದರು.

"ಈಗ ಅರ್ಧ ಗಂಟೆ ಆಯ್ತು ಕಣಪ್ಪ. ನನ್ ಕೈಲೇ ಒಂದ್ ಸ್ಪೂನ್ ನೀರು ಕುಡೀತು."

"ಅಕ್ಕ ಎಲ್ಲಿ?"

ಅವರು ಅವನ ಕಡೆ ವಿಚಿತ್ರವಾಗಿ ನೋಡಿದರು. "ನಿನ್ನ ಕಾಣ್ನಿಲ್ವಾ? ನಿಮ್ಮನೇಗೇ ಓಗವ್ರೆ, ಇಬ್ರೂವೆ. ಸಿಂಧು ಆಸನದಿಂದ ಫೋನ್ ಮಾಡಿ ಏಳ್ತಲ್ಲ, ನೀನು ಕ್ರಮವಾಗಿ ಕರೆದ್ರೆ ಬತ್ತೀನಿ ಅಂತ ಬರ್ಕೊಟ್ಟೆ ಅಂತ. ಅದನ್ನ ಕೇಳಿ ಮುದ್ದಕ್ಕನೇ ಅಂತು, ಅವತ್ತು ಟೇಬಲ್ ಮ್ಯಾಲೆ ಇಟ್ಬುಟ್ಟು ಬಂದಿದ್ದು ತೆಪ್ಪು, ಇಬ್ರೂ ಜೋಡೀಲಿ ಓಗಿ ಮನೇಲಿ ಕರೀರಿ, ಸಾಯಂಕಾಲ ಆದ್ರೂ ಆಗ್ಲಿ, ನಾನು ಅಲ್ಲೀಗಂಟ ಇರ್ತೀನಿ ಅಂತ. ಮೂರ್ ದಿನಕ್ಕೆ ಅಷ್ಟು ಮಾತಾಡಿದ್ದು ಅದೇಯ. ಜಯಲಕ್ಷ್ಮಮ್ಮಂಗೆ ಬಿಟ್ಟೋಗಕ್ಕೆ ಮನಸಿರ್ನಿಲ್ಲ. ಅವ್ವ ಅಂದ್ಲಲ್ಲ ಅಂತ ಓದ್ಲು. ಫೋನ್ ಮಾಡಿದೀವಿ, ಬತ್ತಾವ್ರೆ."

ಒಳಗೆ ಮುದ್ದಮ್ಮನನ್ನು ಮಂಚದಿಂದ ಕೆಳಗಿಳಿಸಿ ಚಾಪೆಯ ಮೇಲೆ ಮಲಗಿಸಿದ್ದರು. ಇಷ್ಟು ಚಿಕ್ಕವಳಾಗಿದ್ದಳೇ ಎನಿಸಿತು. ತಲೆಯ ಬಳಿ ಸಿಂಧು ಕೂತಿದ್ದಳು, ಬೆಳಗಿನ ಬಟ್ಟೆಯಲ್ಲೇ, ಕೊರಳಲ್ಲಿ ಇನ್ನೂ ನಂದೂರ ಎಂದು ಬರೆದ ಬ್ಯಾಡ್ಜು ತೂಗುತ್ತಿತ್ತು. ಅವನು ಗೋಡೆ ಹಿಡಿದುಕೊಂಡು ಕುಕ್ಕರಿಸಿದ. ಬಸ್ಸಿನುದ್ದಕ್ಕೂ ಉಳಿಸಿಕೊಂಡು ಬಂದಿದ್ದ ಒಂದು ಮಾತಿನ ಬದಲು ಬೇರೆಯೇ ಮಾತು ಬಾಯಿಗೆ ಬಂತು.

"ಕೊನೇಲಿ ಏನಾದ್ರೂ ಅಂತಾ?" ಎಂದು ಸಿಂಧುವನ್ನು ಕೇಳಿದ.

"ಏನೂ ಅನ್ಲಿಲ್ಲ. ಬಾಗಿಲ ಕಡೆನೇ ನೋಡ್ತಿತ್ತು ಸಾರ್," ಎಂದಳು ಅವಳು.

ಸಾವಿನ ಮನೆಯಲ್ಲಿ, ಅಜ್ಜಿಯ ಹೆಣದ ಮುಂದೆ, ಸಾರ್ ಎಂದಿದ್ದಳು. ಬೇಕೆಂದೇ ಅಂದದ್ದಲ್ಲ, ಅವಳ ಬಾಯಿಗೆ ಈಗ ಬರುವುದೇ ಅದು. ಅವನು ಮೂಸಂಬಿಯ ಚೀಲವನ್ನು ಹಿಂದಕ್ಕೆ ಸರಿಸಿ ಎದ್ದು ಹೊರಗೆ ಬಂದ. ಆಗಲೇ ಬೈಕು ಬಂದು ನಿಂತಿತು. ರಾಮಣ್ಣ ಇಸ್ತ್ರಿಯ ಬಿಳಿ ಶರ್ಟು ಹಾಕಿದ್ದ. ಹಿಂದೆ ಕೂತಿದ್ದ ಅಕ್ಕ ಮದುವೆಗೆ ಉಡುವಂಥ ಸೀರೆಯುಟ್ಟು, ಮುಡಿಗೆ ಹೂವಿಟ್ಟು, ತೊಡೆಯ ಮೇಲೆ ಬಟ್ಟೆ ಮುಚ್ಚಿದ ಸ್ಟೀಲ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಇಳಿದು, ಚಪ್ಪಲಿಗಳನ್ನು ನೋಡಿ, ಜಗಲಿಯ ಮೇಲಿದ್ದವರನ್ನು ನೋಡಿ, ಆಮೇಲೆ ಅವನನ್ನು ನೋಡಿದಳು. ಅವಳು ಅಳುತ್ತಾಳೆ, ಬಯ್ಯುತ್ತಾಳೆ, ಎಂದು ಅವನು ಕಾದ. ಅವಳು ನೆಟ್ಟಗೆ ಅವನ ಹತ್ತಿರ ಬಂದಳು.

"ಒಂದ್ ಗಂಟೆ ಮ್ಯಾಲೆ ನಿಮ್ಮನೆ ಬಾಗ್ಲಲ್ಲಿ ಕುಂತಿದ್ದೋ ಕಣೋ ಮೋನ. ಬೀಗ ಆಕಿತ್ತು," ಎಂದಳು. "ಈ ಸಲ ಇಬ್ರೂ ಬಂದಿದ್ದೋ."

ರಾಮಣ್ಣ ಬೈಕಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಜಯಲಕ್ಷ್ಮಮ್ಮ ತಟ್ಟೆಯ ಮೇಲಿನ ಬಟ್ಟೆ ತೆಗೆದಳು. ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ, ಅರಿಸಿನ ಕುಂಕುಮದ ಎರಡು ಬಟ್ಟಲು. ದಾರಿಯ ಕುಲುಕಿಗೆ ಕುಂಕುಮ ಚೆಲ್ಲಿ ಹಣ್ಣಿನ ಮೇಲೆಲ್ಲ ಹರಡಿತ್ತು.

"ತಗೊ. ಕರ್ದಂಗಾಯ್ತು," ಎಂದಳು. "ಬಾ ಒಳೀಕೆ."

ಬೇಡವೆನ್ನುವ ಮೊದಲೇ ಅವನ ಕೈ ಮುಂದೆ ಬಂದು ತಟ್ಟೆ ಹಿಡಿದಿತ್ತು. ಅಕ್ಕ ಅವನನ್ನು ದಾಟಿಕೊಂಡು ಒಳಗೆ ಹೋದಳು, ಆಮೇಲೆ ರಾಮಣ್ಣ ಹೋದ, ಒಳಗಿನಿಂದ ಅವಳ ಅಳು ಕೇಳಿಸಿತು. ಬರುತ್ತಿದ್ದ ಜನ ಅವನನ್ನೂ ಅವನ ಕೈಯಲ್ಲಿದ್ದುದನ್ನೂ ನೋಡಿ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಸಾವಿನ ಮನೆಯ ಬಾಗಿಲಲ್ಲಿ ಕುಂಕುಮದ ತಟ್ಟೆಯನ್ನು ಎಲ್ಲಿ ಇಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕೇಳಲು ಯಾರೂ ಇರಲಿಲ್ಲ. ಅವನು ಹಿಡಿದುಕೊಂಡೇ ನಿಂತ.